ಅಂಕ ಪಕ್ಕಕ್ಕಿಡಿ, ಉತ್ತರ ಪತ್ರಿಕೆ ತೆಗೆಯಿರಿ

ಪ್ರಶ್ನೆ: ಮೇಡಂ, ನಾವು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯವರು. ಐದು ಎಕರೆ ಹೊಲ ಇದೆ, ಮೆಕ್ಕೆಜೋಳ, ಶೇಂಗಾ ಬೆಳೆಯುತ್ತೇವೆ. ದೊಡ್ಡ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಪ್ರಿಪರೇಟರಿಯಲ್ಲಿ 500ಕ್ಕೆ 322 ಬಂದಿದೆ. ಕನ್ನಡ 100ಕ್ಕೆ 84, ಉಳಿದವು 80ಕ್ಕೆ: ಇಂಗ್ಲಿಷ್ 46, ಹಿಂದಿ 60, ಗಣಿತ 29, ವಿಜ್ಞಾನ 39, ಸಮಾಜ 64. ನನ್ನ ಮೈದುನ ದಾವಣಗೆರೆಯಲ್ಲಿದ್ದಾರೆ. ಸೈನ್ಸ್ ಕೊಡಿಸಿ, ಕೋಚಿಂಗ್ ಮತ್ತು ಹಾಸ್ಟೆಲ್ ಎರಡೂ ಇರುವ ಕಾಲೇಜಿಗೆ ಹಾಕಿ ಅನ್ನುತ್ತಾರೆ. ಎರಡು ವರ್ಷಕ್ಕೆ ಎರಡೂವರೆ ಲಕ್ಷವಂತೆ. ಸಾಲ ಮಾಡಲೇಬೇಕು. ನಮ್ಮತ್ತೆ 'ಫೇಲಾದರೆ ಮದುವೆ ಮಾಡಿಬಿಡಿ' ಅನ್ನುತ್ತಾರೆ. ಮಗಳನ್ನು ಕೇಳಿದರೆ ಒಂದು ದಿನ ನರ್ಸ್ ಆಗ್ತೀನಿ ಅಂತಾಳೆ, ಇನ್ನೊಂದು ದಿನ ಟೀಚರ್ ಅಂತಾಳೆ. ರಾತ್ರಿ 12ರವರೆಗೆ ಓದುತ್ತಾಳೆ, ಆದರೂ ಗಣಿತ ಹತ್ತುತ್ತಿಲ್ಲ. ಪರೀಕ್ಷೆಗೆ ಇನ್ನು ಆರು ವಾರ. ಗಣಿತ, ವಿಜ್ಞಾನದ ಉತ್ತರ ಪತ್ರಿಕೆಗಳ ಫೋಟೋ ಕಳಿಸಿದ್ದೇನೆ. ನಾವು ಏನು ಮಾಡಬೇಕು?

ಉತ್ತರ: ತಂಗಿ, ಉತ್ತರ ಪತ್ರಿಕೆಗಳ ಫೋಟೋ ಕಳಿಸಿದ್ದೀರಲ್ಲ, ತುಂಬಾ ಒಳ್ಳೆಯದಾಯಿತು. 32 ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕೆಲಸಕ್ಕೆ ಸೇರಿದಾಗ ನಿಮ್ಮ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಬಂತು. 'ಮುಂದೆ ಏನು ಓದಿಸೋಣ ಟೀಚರ್' ಅಂತ ಬರುವ ಅಪ್ಪ ಅಮ್ಮಂದಿರು ಅಂಕ ಹೇಳುತ್ತಾರೆ, ಪರ್ಸೆಂಟೇಜ್ ಹೇಳುತ್ತಾರೆ. ಉತ್ತರ ಪತ್ರಿಕೆ ಹಿಡಿದು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಮಗು ಈಗ ಎಲ್ಲಿದೆ, ಮುಂದೆ ಯಾವ ದಾರಿಯಲ್ಲಿ ನಡೆಯಬಲ್ಲದು ಅನ್ನುವುದು ಕಾಣುವುದೇ ಆ ಹಾಳೆಗಳಲ್ಲಿ. ಈ ಆರು ವಾರ ಏನು ಮಾಡಬೇಕು, ಆಮೇಲೆ ಏನು ಓದಿಸಬೇಕು, ಎರಡಕ್ಕೂ ನಾನು ಅಲ್ಲಿಂದಲೇ ಉತ್ತರ ಹೇಳುತ್ತೇನೆ.

ಮೊದಲು ಗಣಿತ. ನಿಮ್ಮ ಮಗಳು 80ಕ್ಕೆ 29 ತೆಗೆದಿದ್ದಾಳೆ, ಅಂದರೆ 51 ಅಂಕ ಹೋಗಿದೆ. ಆ 51 ಎಲ್ಲಿ ಹೋಯಿತು ಅಂತ ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. 30 ಅಂಕದ ಪ್ರಶ್ನೆಗಳನ್ನು ಅವಳು ಮುಟ್ಟಿಯೇ ಇಲ್ಲ. ನಾಲ್ಕು ಅಂಕದ ನಾಲ್ಕು, ಐದು ಅಂಕದ ಒಂದು, ಮೂರು ಅಂಕದ ಕೊನೆಯ ಮೂರು, ಎಲ್ಲ ಖಾಲಿ. ಇನ್ನು 9 ಅಂಕ ಕೈತಪ್ಪಿನಿಂದ ಹೋಗಿದೆ. ಮೈನಸ್ ಚಿಹ್ನೆ ಬಿಟ್ಟಿರುವುದು, 16 ಅನ್ನು ಮುಂದಿನ ಸಾಲಿನಲ್ಲಿ 61 ಅಂತ ಬರೆದಿರುವುದು, ಇಂಥವು. ನಿಜವಾಗಿ ಗೊತ್ತಿಲ್ಲದೆ ತಪ್ಪಿದ್ದು 12 ಅಂಕ ಮಾತ್ರ. 'ಗಣಿತ ಹತ್ತುತ್ತಿಲ್ಲ' ಅಂದಿರಿ. ಆ ಹಾಳೆ ಹಾಗೆ ಹೇಳುತ್ತಿಲ್ಲ ತಂಗಿ. ಅವಳಿಗೆ ಟೈಮ್ ಸಾಲಲಿಲ್ಲ ಅಂತ ಹೇಳುತ್ತಿದೆ.

ಟೈಮ್ ಯಾಕೆ ಸಾಲಲಿಲ್ಲ ಅನ್ನುವುದೂ ಅಲ್ಲೇ ಇದೆ. ಅವಳು ಪ್ರತಿ ಪ್ರಶ್ನೆಯನ್ನೂ ಪೂರ್ತಿ ನಕಲು ಮಾಡಿ, ಕೆಳಗೆ ಗೆರೆ ಎಳೆದು, ಆಮೇಲೆ ಉತ್ತರ ಶುರು ಮಾಡಿದ್ದಾಳೆ. ಕೆಳಗಿನ ಕ್ಲಾಸುಗಳಲ್ಲಿ ನೋಟ್ಸಿನಲ್ಲಿ ಹಾಗೆ ಬರೆಸುತ್ತೇವಲ್ಲ, ಅದೇ ಅಭ್ಯಾಸ. ಪತ್ರಿಕೆಯಲ್ಲಿ 38 ಪ್ರಶ್ನೆ. ಒಂದೊಂದು ನಕಲು ಮಾಡಲು 40 ಸೆಕೆಂಡ್ ಅಂದರೂ 25 ನಿಮಿಷ ಅಲ್ಲೇ ಹೋಯಿತು. ಉತ್ತರ ಬರೆಯಲು ಸಿಗುವುದು ಮೂರು ಗಂಟೆ, 180 ನಿಮಿಷ. ಅಂಕ 80. ಒಂದು ಅಂಕಕ್ಕೆ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಪ್ರಶ್ನೆ ನಕಲು ಮಾಡುವುದರಲ್ಲೇ ಸುಮಾರು 11 ಅಂಕದ ಟೈಮ್ ಕರಗಿದೆ. ನಾಳೆಯಿಂದ ಪ್ರಶ್ನೆ ಸಂಖ್ಯೆ ಮಾತ್ರ ಬರೆಯಲಿ. ಇದನ್ನು ಒಮ್ಮೆ ಬಾಯಲ್ಲಿ ಹೇಳಿದರೆ ಸಾಲದು, ಕೈ ತಾನಾಗಿ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ವಾರಕ್ಕೆ ಎರಡು ಸಲ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಎದುರಿಗಿಟ್ಟು ಬರೆಸಿ. ನಿಮಗೆ ಲೆಕ್ಕ ಬರಬೇಕಾಗಿಲ್ಲ. ಪಕ್ಕದಲ್ಲಿ ಕೂತು ಶೇಂಗಾ ಬಿಡಿಸುತ್ತಾ, ಪ್ರಶ್ನೆ ನಕಲು ಮಾಡುತ್ತಿದ್ದಾಳಾ ಅಂತ ನೋಡಿದರೆ ಸಾಕು.

ಎರಡನೆಯದು, ಬರೆಯುವ ಸರದಿ. ಒಂದು ಅಂಕದ ಪ್ರಶ್ನೆಗಳು 16. ಅವನ್ನು 25 ನಿಮಿಷದೊಳಗೆ ಮುಗಿಸಿ, ನೇರವಾಗಿ ನಾಲ್ಕು ಅಂಕದ ನಕ್ಷೆ ಲೆಕ್ಕಕ್ಕೆ ಹೋಗಲಿ. ಎರಡು ಸಮೀಕರಣ ಕೊಟ್ಟು 'ನಕ್ಷೆಯ ವಿಧಾನದಿಂದ ಬಿಡಿಸಿ' ಅಂತ ಹೆಚ್ಚು ಕಡಿಮೆ ಪ್ರತಿ ವರ್ಷ ಕೇಳುತ್ತಾರೆ. ಅದರಲ್ಲಿ ಬುದ್ಧಿವಂತಿಕೆಯ ಕಸರತ್ತು ಏನೂ ಇಲ್ಲ. ಎರಡು ಕೋಷ್ಟಕ ಮಾಡಬೇಕು, ಎರಡು ಗೆರೆ ಎಳೆಯಬೇಕು, ಅವು ಎಲ್ಲಿ ಸೇರುತ್ತವೆ ಅಂತ ಬರೆಯಬೇಕು. ಕೋಷ್ಟಕಕ್ಕೆ ಬೇರೆ ಅಂಕ, ಗೆರೆಗೆ ಬೇರೆ, ಉತ್ತರಕ್ಕೆ ಬೇರೆ. ದಿನಕ್ಕೆ ಒಂದರಂತೆ ಎರಡು ವಾರ ಮಾಡಿದರೆ ಒಂಬತ್ತು ನಿಮಿಷದಲ್ಲಿ ಬಂದುಬಿಡುತ್ತದೆ. ಆಮೇಲೆ ಥೇಲ್ಸನ ಪ್ರಮೇಯ, ಸರಾಸರಿ ಮತ್ತು ಮಧ್ಯಾಂಕ, ಸಮಾಂತರ ಶ್ರೇಢಿ. ಇವು ಅವಳ ಕೈಯಲ್ಲಾಗುವಂಥವು. ಸಣ್ಣ ಲೆಕ್ಕಗಳಲ್ಲಿ ಶ್ರೇಢಿಯನ್ನು ಸರಿಯಾಗಿಯೇ ಮಾಡಿದ್ದಾಳೆ, ನಾನು ನೋಡಿದೆ.

ಇನ್ನೊಂದು ಕಡೆ ನನಗೆ ಬೇಜಾರಾಯಿತು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಅಂತ ಸಾಧಿಸುವ ಪ್ರಶ್ನೆಯಲ್ಲಿ ಚಿತ್ರ ಅಚ್ಚುಕಟ್ಟಾಗಿ ಬಿಡಿಸಿದ್ದಾಳೆ. ದತ್ತ ಬರೆದಿದ್ದಾಳೆ, ಸಾಧನೀಯ ಬರೆದಿದ್ದಾಳೆ. ಅಲ್ಲಿಗೆ ನಿಲ್ಲಿಸಿ, ಎಲ್ಲದರ ಮೇಲೂ ಅಡ್ಡಗೆರೆ ಹೊಡೆದಿದ್ದಾಳೆ. ಹೊಡೆಯದೆ ಬಿಟ್ಟಿದ್ದರೆ ಅಷ್ಟಕ್ಕೇ ಅಂಕ ಬರುತ್ತಿತ್ತು. ನಾನು ಎಷ್ಟೋ ವರ್ಷ ಮೌಲ್ಯಮಾಪನಕ್ಕೆ ಹೋಗಿದ್ದೇನೆ. ನಮ್ಮ ಕೈಯಲ್ಲಿರುವ ಸ್ಕೀಮಿನಲ್ಲಿ ಹಂತ ಹಂತಕ್ಕೂ ಅಂಕ ಇರುತ್ತದೆ. ಅರ್ಧ ಬರೆದ ಉತ್ತರಕ್ಕೆ ಅರ್ಧ ಅಂಕ ಕೊಡಲು ನಾವು ಕಾಯುತ್ತಿರುತ್ತೇವೆ. ಆದರೆ ಮಗುವೇ ಹೊಡೆದು ಹಾಕಿದರೆ ಏನು ಕೊಡೋದು? ಪೂರ್ತಿ ಬರದಿದ್ದರೆ ನಾಚಿಕೆ ಅಂತ ಈ ಹೆಣ್ಣುಮಕ್ಕಳಿಗೆ ಯಾರು ಹೇಳಿಕೊಟ್ಟರೋ. ಬಂದಷ್ಟು ಬರೆಯಲಿ, ಬರೆದದ್ದು ಹಾಗೇ ಇರಲಿ.

ವಿಜ್ಞಾನದ ಹಾಳೆ ಬೇರೆ ಕಥೆ ಹೇಳುತ್ತದೆ. ಹೃದಯದ ಚಿತ್ರ ನೋಡಿದೆ, ಭಾಗಗಳ ಹೆಸರು ಒಂದೂ ತಪ್ಪಿಲ್ಲ. ಜೀವಶಾಸ್ತ್ರದ ಉತ್ತರಗಳಲ್ಲಿ ಅವಳದೇ ವಾಕ್ಯಗಳಿವೆ. ಗೈಡ್ ನೋಡಿ ಬಾಯಿಪಾಠ ಮಾಡಿದವರು ಹಾಗೆ ಬರೆಯುವುದಿಲ್ಲ. ಅಂಕ ಹೋಗಿರುವುದು ಎರಡು ಕಡೆ. ವಿದ್ಯುತ್ ಲೆಕ್ಕಗಳಲ್ಲಿ ಉತ್ತರದ ಮುಂದೆ ಓಮ್, ಆಂಪಿಯರ್ ಬರೆದಿಲ್ಲ. ರಾಸಾಯನಿಕ ಸಮೀಕರಣಗಳನ್ನು ಸರಿದೂಗಿಸಿಲ್ಲ. ಎರಡೂ ಆರು ವಾರದಲ್ಲಿ ರಿಪೇರಿ ಆಗುವಂಥವೇ. ದಿನಕ್ಕೆ ಐದು ಸಮೀಕರಣ, ಅಷ್ಟೇ. ಸಮಾಜ, ಹಿಂದಿ, ಕನ್ನಡ ಚೆನ್ನಾಗಿವೆ, ಅದನ್ನು ಹಾಗೇ ಬಿಡಿ. ಇಂಗ್ಲಿಷ್ 46 ಅಂದಿರಿ. ಅದರ ಬಗ್ಗೆ ಮುಂದೆ ಬರೆಯುತ್ತೇನೆ, ಯಾಕೆಂದರೆ ಅದು ಈ ಪರೀಕ್ಷೆಗಿಂತ ಕಾಲೇಜಿಗೆ ದೊಡ್ಡ ವಿಷಯ.

ಇನ್ನು 12 ಗಂಟೆ ರಾತ್ರಿಯ ಓದು. ಇದನ್ನು ನಿಲ್ಲಿಸಿ ಅಂತ ನಾನು ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಅವಳು ಸಂಜೆ ಮನೆಗೆ ಬಂದ ಮೇಲೆ ಏನೇನು ಮಾಡುತ್ತಾಳೆ ಅಂತ ನೀವು ಬರೆದಿಲ್ಲ. ಆದರೆ ನಮ್ಮ ಊರುಗಳ ಹೆಣ್ಣುಮಕ್ಕಳು ನನಗೆ ಗೊತ್ತು. ಕಸ, ಮುಸುರೆ, ನೀರು, ಎಮ್ಮೆ, ತಮ್ಮ ತಂಗಿಯರ ಊಟ, ಎಲ್ಲ ಮುಗಿಸಿ ಪುಸ್ತಕ ತೆಗೆಯುವ ಹೊತ್ತಿಗೆ ಒಂಬತ್ತೂವರೆ. ಆಮೇಲೆ 12ರವರೆಗೆ ಕೂತರೆ ಕಣ್ಣು ಅಕ್ಷರದ ಮೇಲೆ ಓಡುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. 16 ಹೋಗಿ 61 ಆಗುವುದು ನಿದ್ದೆ ಕೆಟ್ಟ ಕಣ್ಣಿಗೇ. ಈ ಆರು ವಾರ ಅವಳ ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳಿ. ಗಂಡುಮಕ್ಕಳಿದ್ದರೆ ಅವರೂ ನೀರು ತರಲಿ, ಪಾತ್ರೆ ತೊಳೆಯಲಿ. ಸಂಜೆ ಆರರಿಂದ ಒಂಬತ್ತು ಅವಳದ್ದು. ಹತ್ತಕ್ಕೆ ಮಲಗಲಿ, ಬೆಳಿಗ್ಗೆ ಐದಕ್ಕೆ ಏಳಲಿ. ಗಣಿತ ಬೆಳಿಗ್ಗೆ ಮಾಡಲಿ.

ಜಾತ್ರೆಯ ವಿಷಯವೂ ಹೇಳಬೇಕು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಬರುವುದು ಪರೀಕ್ಷೆಯ ಆಸುಪಾಸಿನಲ್ಲೇ. ನಿಮ್ಮ ಕಡೆಯಿಂದ ಎಲ್ಲರೂ ಹೋಗುತ್ತೀರಿ, ಮನೆ ತುಂಬಾ ನೆಂಟರು. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಅವಳೂ ಒಂದು ದಿನ ಹೋಗಿ ಬರಲಿ, ಮನಸ್ಸು ಹಗುರಾಗುತ್ತದೆ. ಆದರೆ ನೆಂಟರ ಅಡುಗೆ, ಪಾತ್ರೆ ಅವಳ ತಲೆಗೆ ಬರದ ಹಾಗೆ ನೋಡಿಕೊಳ್ಳಿ. ಬಂದವರು 'ಎಷ್ಟು ಪರ್ಸೆಂಟ್ ತೆಗೀತಿಯಾ' ಅಂತ ಕೇಳಿದರೆ ನೀವೇ ನಡುವೆ ಮಾತಾಡಿ.

ಒಂದು ಮಾತು ತಾಯಿಯಾದ ನಿಮಗೆ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಅವಳು ಮುಟ್ಟಾಗಬಹುದು. ಬ್ಯಾಗಿನಲ್ಲಿ ಪ್ಯಾಡ್ ಇರಲಿ. ನಡುವೆ ಎದ್ದು ಹೋಗಬೇಕಾದರೆ ಕೊಠಡಿ ಮೇಲ್ವಿಚಾರಕರಿಗೆ ಹೇಳಲು ಸಂಕೋಚಪಡಬಾರದು ಅಂತ ಮೊದಲೇ ಹೇಳಿಡಿ. ನಮ್ಮ ಎರಡೂ ಜಿಲ್ಲೆಯ ಕೆಲವು ಊರುಗಳಲ್ಲಿ ಆ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಮಲಗಿಸುವ ಪದ್ಧತಿ ಇನ್ನೂ ಇದೆ. ಹಾಗೆ ಹೊರಗೆ ಮಲಗಿ, ನಿದ್ದೆಯಿಲ್ಲದೆ ಬಂದು ಪರೀಕ್ಷೆ ಬರೆದ ಹುಡುಗಿಯರನ್ನು ನಾನು ಕಂಡಿದ್ದೇನೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯಲ್ಲಿ ಹಾಗಿಲ್ಲ ಅಂತ ನಂಬುತ್ತೇನೆ. ಇದ್ದರೆ, ಈ ವರ್ಷದಿಂದಲೇ ನಿಲ್ಲಿಸಿ.

ಫೋನಿನಲ್ಲಿ 'ನಾಳೆಯ ಪ್ರಶ್ನೆಪತ್ರಿಕೆ' ಅಂತ ಬರುವುದನ್ನು ನಂಬಬೇಡಿ. 'ಒಳಗೆ ಯಾರಾದರೂ ಹೇಳಿಕೊಡುತ್ತಾರೆ' ಅನ್ನುವ ಮಾತನ್ನೂ ಅಷ್ಟೇ. 2024ರಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇದೆ, ವೆಬ್‌ಕಾಸ್ಟಿಂಗ್ ಮಾಡುತ್ತಾರೆ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಶೇಕಡಾ ಇದ್ದದ್ದು 2024ರಲ್ಲಿ 73.40ಕ್ಕೆ ಇಳಿಯಿತು. ಬೇರೆಯವರನ್ನು ನಂಬಿ ಕೂತ ಮಕ್ಕಳು ತುಂಬಾ ನೊಂದುಕೊಂಡರು.

ನಿಮ್ಮತ್ತೆಯವರ ಮಾತಿಗೆ ಬರುತ್ತೇನೆ. ಹಿರಿಯರು, ಅವರ ಕಾಲದಲ್ಲಿ ಅದೇ ನಡೆಯುತ್ತಿತ್ತು. ಆದರೆ ಇದರಲ್ಲಿ ನಾನು ಮೆತ್ತಗೆ ಮಾತಾಡಲಾರೆ. ನಿಮ್ಮ ಮಗಳಿಗೆ ಈಗ 15-16 ವರ್ಷ. 18 ತುಂಬುವ ಮೊದಲು ಮದುವೆ ಮಾಡಿದರೆ ಅದು ಬಾಲ್ಯವಿವಾಹ, 2006ರ ಕಾಯ್ದೆ ಪ್ರಕಾರ ಅಪರಾಧ. ಮಾಡಿಸಿದ ದೊಡ್ಡವರ ಮೇಲೆ ಕೇಸಾಗುತ್ತದೆ. ಅವಳ ಹೆದರಿಕೆ ಜಾಸ್ತಿಯಾಗಿದೆ ಅಂತ ಕಂಡರೆ 1098 ನಂಬರ್ ಅವಳಿಗೆ ಗೊತ್ತಿರಲಿ, ಅದು ಮಕ್ಕಳ ಸಹಾಯವಾಣಿ. ಅದಿರಲಿ, ಅವಳ ಅಂಕ ನೋಡಿದರೆ ಫೇಲಾಗುವ ಮಾತೇ ಇಲ್ಲ. ಪ್ರಿಪರೇಟರಿ 500ಕ್ಕೆ. ಫೈನಲ್ ಪರೀಕ್ಷೆಯಲ್ಲಿ ಶಾಲೆಯ ಆಂತರಿಕ ಅಂಕ 125 ಸೇರಿ 625 ಆಗುತ್ತದೆ. ಒಂದು ವಿಷಯ ಕೈಕೊಟ್ಟಿತು ಅಂತಲೇ ಇಟ್ಟುಕೊಳ್ಳಿ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಾಸಾದವರೂ ಅಂಕ ಜಾಸ್ತಿ ಮಾಡಿಕೊಳ್ಳಲು ಇನ್ನೊಮ್ಮೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತದೆ. ಇದನ್ನು ಅತ್ತೆಯವರ ಎದುರಿಗೇ ಮಗಳಿಗೆ ಹೇಳಿ. ಮದುವೆಯ ಬೆದರಿಕೆ ತಲೆಯಲ್ಲಿಟ್ಟುಕೊಂಡು ಕೂತ ಹುಡುಗಿ ಗೊತ್ತಿರುವ ಲೆಕ್ಕವನ್ನೂ ಅಡ್ಡಗೆರೆ ಹೊಡೆದು ಹಾಕುತ್ತಾಳೆ.

ಈಗ ಕೋರ್ಸಿನ ವಿಷಯ. ನಿಮ್ಮ ಮೈದುನರು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳನ್ನು ದಿನಾ ನೋಡುವವರಿಗೆ ಹಾಗೇ ಅನಿಸುತ್ತದೆ. ಆದರೆ ಎರಡೂವರೆ ಲಕ್ಷ ಸಾಲ ಮಾಡಿ ಕೋಚಿಂಗ್ ಹಾಸ್ಟೆಲಿಗೆ ಹಾಕುವುದು ಬೇಡ. ಅವಳು ದಡ್ಡಿ ಅಂತ ಅಲ್ಲ. ಆ ಕಾಲೇಜುಗಳ ವೇಗ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಗಣಿತದಲ್ಲಿ ಆಗಲೇ ಗಟ್ಟಿಯಾಗಿರುವ ಮಕ್ಕಳಿಗೆ ಹೊಂದಿಸಿದ್ದು. ನಿಮ್ಮ ಮಗಳಿಗೆ ಮೊದಲ ಆರು ತಿಂಗಳು ನಿಧಾನವಾಗಿ ನಡೆಯಲು ಜಾಗ ಬೇಕು.

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಬಹಳ ವರ್ಷದ ಹಿಂದೆ ನನ್ನ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಕನ್ನಡ ಮೀಡಿಯಂ, 625ಕ್ಕೆ 560 ಮೇಲೆ ತೆಗೆದ. ಅವರಪ್ಪ ಕೇಳಿದಾಗ ನಾನೇ ಮುಂದೆ ನಿಂತು ಸೈನ್ಸಿಗೆ ಕಳಿಸಿದೆ. ದಸರಾ ರಜೆಗೆ ಬಂದವನು ಕಾಲೇಜಿಗೆ ವಾಪಸ್ ಹೋಗಲೇ ಇಲ್ಲ. ಮನೆಗೆ ಹೋಗಿ ಕೇಳಿದೆ. 'ಟೀಚರ್, ಅವರು ಹೇಳೋದು ನನಗೆ ಗೊತ್ತಿರೋದೇ ಅಂತ ಕ್ಲಾಸ್ ಮುಗಿದ ಮೇಲೆ ಗೊತ್ತಾಗುತ್ತೆ' ಅಂದ. ವೇಗೋತ್ಕರ್ಷ ಅವನಿಗೆ ಗೊತ್ತಿತ್ತು, ಆಕ್ಸಲರೇಷನ್ ಅಂದರೆ ಅದೇ ಅಂತ ಗೊತ್ತಿರಲಿಲ್ಲ. ಉತ್ಕರ್ಷಣ ಗೊತ್ತಿತ್ತು, ಆಕ್ಸಿಡೇಷನ್ ಗೊತ್ತಿರಲಿಲ್ಲ. ಮೂರು ತಿಂಗಳು ಒಬ್ಬನೇ ಹಾಗೆ ಕೂತಿದ್ದಾನೆ. ನಾನು ಅವನ ಅಂಕ ನೋಡಿದೆ. ಸೈನ್ಸಿಗೆ ಹೋದರೆ ಪಾಠದ ಭಾಷೆ ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ ಅನ್ನುವುದನ್ನು ನೋಡಲಿಲ್ಲ. ಅವನ ಒಂದು ವರ್ಷ ನನ್ನಿಂದ ಹೋಯಿತು.

ಅವತ್ತಿನಿಂದ ನಾನು ಕನ್ನಡ ಮೀಡಿಯಂ ಮಕ್ಕಳಿಗೆಲ್ಲ ಒಂದು ಕೆಲಸ ಹೇಳುತ್ತೇನೆ, ನಿಮ್ಮ ಮಗಳಿಗೂ ಅದೇ. ಪರೀಕ್ಷೆ ಮುಗಿದ ಮೇಲೆ ಫಲಿತಾಂಶಕ್ಕೆ ಕೆಲವು ವಾರ ಸಿಗುತ್ತದೆ. ಊರಲ್ಲಿ ಯಾರಾದರೂ ಅಕ್ಕ ಅಣ್ಣ ಮೊದಲ ಪಿಯುಸಿ ಸೈನ್ಸ್ ಮುಗಿಸಿರುತ್ತಾರೆ. ಅವರ ಹತ್ತಿರ ಜೀವಶಾಸ್ತ್ರ, ಭೌತಶಾಸ್ತ್ರದ ಪುಸ್ತಕ ಇಸಿದುಕೊಳ್ಳಿ. ಎರಡರಲ್ಲೂ ಮೊದಲ ಪಾಠ ಮಾತ್ರ, ಹತ್ತು ದಿನ, ದಿನಕ್ಕೆ ಎರಡು ಪುಟ. ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯಲಿ. ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ, ದ್ಯುತಿಸಂಶ್ಲೇಷಣೆ ಅಂದರೆ ಫೋಟೋಸಿಂಥಸಿಸ್. ಹತ್ತು ದಿನ ಆದ ಮೇಲೆ ನೋಡಿ. ಕಷ್ಟಪಟ್ಟರೂ ನೀವು ಹೇಳದೇ ಪುಸ್ತಕ ತೆಗೆಯುತ್ತಿದ್ದಾಳಾ? ಅಥವಾ ಮೂರನೇ ದಿನಕ್ಕೇ ನೋಟ್‌ಬುಕ್ ಕಾಣೆಯಾಯಿತಾ? ಸೈನ್ಸ್ ಕೊಡಿಸಬೇಕಾ ಬೇಡವಾ ಅನ್ನುವುದಕ್ಕೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಒಂದು ರೂಪಾಯಿ ಖರ್ಚೂ ಇಲ್ಲ.

ಅವಳು ಹೇಳುವ ಎರಡು ಕೆಲಸಗಳಿಗೆ ದಾರಿ ಹೇಗಿದೆ ನೋಡೋಣ. ನರ್ಸಿಂಗಿನಲ್ಲಿ ಎರಡು ಮಟ್ಟ. ಬಿ.ಎಸ್ಸಿ. ನರ್ಸಿಂಗ್ ಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ಜಿಎನ್‌ಎಂ ಅನ್ನುವ ಮೂರು ವರ್ಷದ ಡಿಪ್ಲೊಮಾಕ್ಕೆ ಆರ್ಟ್ಸ್ ಮಾಡಿದವರೂ ಸೇರಬಹುದು. ಈ ಎರಡನೆಯದು ಎಷ್ಟೋ ಜನಕ್ಕೆ ಗೊತ್ತಿಲ್ಲ, ನರ್ಸ್ ಆಗಬೇಕಾದರೆ ಸೈನ್ಸೇ ಆಗಬೇಕು ಅಂದುಕೊಂಡು ಒದ್ದಾಡುತ್ತಾರೆ. ಟೀಚರ್ ಆಗಲು ಯಾವ ಪಿಯುಸಿ ಆದರೂ ಆದೀತು. ಪ್ರೈಮರಿಗೆ ಪಿಯುಸಿ ಮೇಲೆ ಡಿ.ಇಎಲ್.ಇಡಿ. ಅನ್ನುವ ಎರಡು ವರ್ಷದ ಶಿಕ್ಷಕರ ತರಬೇತಿ ಡಿಪ್ಲೊಮಾ, ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಇಡಿ. ಅಂದರೆ ಅವಳ ಎರಡೂ ಆಸೆಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಕಾಂಬಿನೇಷನ್ ತೆಗೆದುಕೊಂಡರೂ ದಾರಿ ಇದೆ. ಸಮಾಜದಲ್ಲಿ 80ಕ್ಕೆ 64 ತೆಗೆದ ಹುಡುಗಿ ಅಲ್ಲಿ ಚೆನ್ನಾಗಿ ಬೆಳೆಯುತ್ತಾಳೆ. ಕನ್ನಡದಲ್ಲೇ ಬರೆಯಬಹುದು. ಆರ್ಟ್ಸ್ ಅಂದರೆ ಮೂಗು ಮುರಿಯುವವರ ಮಾತು ಕೇಳಬೇಡಿ.

ಸೈನ್ಸಿನಲ್ಲಿ ಪಿಸಿಎಂಬಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ತೆಗೆದುಕೊಂಡರೆ ಗಣಿತವೂ ಬರುತ್ತದೆ. ಆದರೆ ನರ್ಸಿಂಗಿಗಾಗಲಿ, ವೈದ್ಯಕೀಯದ ನೀಟ್ ಪರೀಕ್ಷೆಗಾಗಲಿ ಗಣಿತದ ಅಂಕ ಲೆಕ್ಕಕ್ಕಿಲ್ಲ. ಅವಳಿಗೆ ಅದರಲ್ಲಿ ಪಾಸಾದರೆ ಸಾಕು. ಹಾಗಾಗಿ 'ಗಣಿತ 29, ಸೈನ್ಸ್ ಆಗಲ್ಲ' ಅಂತ ಮುಚ್ಚಿಬಿಡಬೇಡಿ. ಆ ಜೀವಶಾಸ್ತ್ರದ ಉತ್ತರಗಳನ್ನು ಓದಿದ ಮೇಲೆ ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಪಾಲಿಟೆಕ್ನಿಕ್, ಐಟಿಐ, ಕೃಷಿ ವಿಶ್ವವಿದ್ಯಾಲಯಗಳ ಕನ್ನಡದಲ್ಲೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ಇವೂ ಎಸ್ಸೆಸ್ಸೆಲ್ಸಿ ಮೇಲೆ ಇರುವ ದಾರಿಗಳೇ. ಅವಳ ಬಾಯಲ್ಲಿ ಇವು ಬಂದಿಲ್ಲ, ಅದಕ್ಕೆ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ನನ್ನ ಮಗಳೇ ಆಗಿದ್ದರೆ ಹೀಗೆ ಮಾಡುತ್ತಿದ್ದೆ. ಫೈನಲ್ ಪರೀಕ್ಷೆಯಲ್ಲಿ ವಿಜ್ಞಾನ 80ಕ್ಕೆ 50ರ ಹತ್ತಿರ ಬಂದು, ಆ ಹತ್ತು ದಿನದ ನೋಟ್‌ಬುಕ್ ತುಂಬಿದರೆ, ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಪಿಸಿಎಂಬಿ. ಎರಡರಲ್ಲಿ ಒಂದು ಆಗದಿದ್ದರೂ ಆರ್ಟ್ಸ್, ಆಮೇಲೆ ಜಿಎನ್‌ಎಂ ಅಥವಾ ಡಿ.ಇಎಲ್.ಇಡಿ. ಕಾಮರ್ಸ್ ಬಗ್ಗೆ ಅವಳೂ ನೀವೂ ಏನೂ ಕೇಳಿಲ್ಲ, ಸುಮ್ನೆ ಗೆಳತಿ ಸೇರಿದಳು ಅಂತ ಅಲ್ಲಿಗೆ ಹೋಗುವುದು ಬೇಡ.

ಕಾಲೇಜು ಆರಿಸುವ ಮುಂಚೆ ಖುದ್ದಾಗಿ ಹೋಗಿ ನೋಡಿ. ಫಲಕದ ಮೇಲಿನ ರ‍್ಯಾಂಕಿನ ಫೋಟೋ ಬೇಡ, ಒಳಗೆ ಹೋಗಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕಕ್ಕೂ ಉಪನ್ಯಾಸಕರಿದ್ದಾರಾ, ಅತಿಥಿ ಉಪನ್ಯಾಸಕರಾದರೆ ಯಾವ ತಿಂಗಳು ಬರುತ್ತಾರೆ, ಲ್ಯಾಬಿನ ಬಾಗಿಲು ನಿಜವಾಗಿ ತೆಗೆಯುತ್ತಾರಾ ಅಂತ ಈಗ ಓದುತ್ತಿರುವ ಮಕ್ಕಳನ್ನೇ ಕೇಳಿ. ಮಕ್ಕಳು ನಿಜ ಹೇಳುತ್ತಾರೆ. ಬಸ್ಸಿನ ಲೆಕ್ಕವೂ ಹಾಕಿ. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಕಾಲೇಜಿನ ಹೊತ್ತಿಗೆ ನಿಮ್ಮೂರಿಗೆ ಬರುವುದು ಯಾವ ಬಸ್ಸು? ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋದರೆ ಓದು ಆಗುವುದಿಲ್ಲ. ಹಾಗಿದ್ದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ. ಫಲಿತಾಂಶ ಬಂದ ವಾರ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ.

ಶಾಲೆ ಬಿಡುವ ಮುಂಚೆ ಇನ್ನೆರಡು ಕಾಗದ ಮಾಡಿಸಬೇಕು. ಪಿಯುಸಿ ಆದ ಮೇಲೆ ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ ವೃತ್ತಿಪರ ಕೋರ್ಸಿಗೆ ಹೋಗುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ ಮೀಸಲಾತಿ ಇದೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲಿ ಓದಿರಬೇಕು, ಕನ್ನಡದಲ್ಲಿ ಓದಿರಬೇಕು. ನಿಮ್ಮ ಮಗಳಿಗೆ ಎರಡೂ ಸಿಗಬಹುದು. ಪ್ರೈಮರಿ ಒಂದು ಶಾಲೆ, ಹೈಸ್ಕೂಲ್ ಇನ್ನೊಂದು ಆಗಿದ್ದರೆ ಎರಡೂ ಕಡೆ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿನಲ್ಲಿ ಮೇಲುಸಹಿ ಮಾಡಿಸಿ. ಟಿಸಿ ತರಲು ಹೋದ ದಿನವೇ ಇದನ್ನೂ ಕೇಳಿ. ಇನ್ನೊಂದು, ಹರಪನಹಳ್ಳಿ, ಕೂಡ್ಲಿಗಿ ಕಡೆ ನಿಮ್ಮ ನೆಂಟರಿದ್ದರೆ 'ನಮ್ಮ ಹುಡುಗಿಗೆ 371ಜೆಯಲ್ಲಿ ಸೀಟಾಯಿತು, ನಿಮಗೂ ಆಗುತ್ತೆ' ಅನ್ನಬಹುದು. ಅದು ಸಂವಿಧಾನದ 371ಜೆ ವಿಧಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಇರುವ ಮೀಸಲಾತಿ. ಹರಪನಹಳ್ಳಿ 2018ರಲ್ಲಿ ನಮ್ಮ ಜಿಲ್ಲೆಯಿಂದ ಆ ಕಡೆ ಹೋಯಿತು, ಜಗಳೂರು ಇಲ್ಲೇ ಉಳಿಯಿತು. ನಿಮ್ಮ ಹೊಲದ ಬದುವಿನ ಆಚೆಗೆ ಇದ್ದರೂ ನಿಮಗೆ ಅನ್ವಯಿಸುವುದಿಲ್ಲ. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ನರ್ಸಾ, ಟೀಚರಾ ಅನ್ನುವ ಅವಳ ಗೊಂದಲಕ್ಕೆ ಬಯ್ಯಬೇಡಿ. ಹದಿನಾರು ವರ್ಷಕ್ಕೆ ಎರಡು ಆಸೆ ಇರುವುದು ಒಳ್ಳೆಯದೇ. ಏಪ್ರಿಲಿನಲ್ಲಿ ಒಂದು ದಿನ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡ್ಯೂಟಿ ಮುಗಿಸಿ ಹೊರಗೆ ಬರುವ ಸಿಸ್ಟರ್ ಒಬ್ಬರ ಹತ್ತಿರ ಹತ್ತು ನಿಮಿಷ ಮಾತಾಡಲಿ. ನೈಟ್ ಡ್ಯೂಟಿ ಹೇಗಿರುತ್ತದೆ, ಎಲ್ಲಿ ಓದಿದಿರಿ, ಏನು ಕಷ್ಟ ಅಂತ ಅವಳೇ ಕೇಳಲಿ, ನೀವು ದೂರ ನಿಲ್ಲಿ. ಊರಿನ ಅಂಗನವಾಡಿಯಲ್ಲಿ ನಾಲ್ಕು ದಿನ ಬೆಳಿಗ್ಗೆ ಕೂತು ಮಕ್ಕಳಿಗೆ ಹಾಡು, ಅಕ್ಷರ ಹೇಳಿಕೊಡಲಿ. ಯಾವ ದಿನ ಮನೆಗೆ ಬಂದು ಜಾಸ್ತಿ ಮಾತಾಡುತ್ತಾಳೆ ಅಂತ ನೀವು ಗಮನಿಸಿ.

ಫಲಿತಾಂಶ ಬಂದ ಮೇಲೆ ಪರೀಕ್ಷಾ ಮಂಡಳಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತೆಗೆಸಿಕೊಳ್ಳಬಹುದು. ವಿಜ್ಞಾನದ್ದು ಒಂದು ತೆಗೆಸಿ ನನಗೆ ಕಳಿಸಿ. ಜೊತೆಗೆ ಆ ಹತ್ತು ದಿನದ ನೋಟ್‌ಬುಕ್ಕಿನ ಫೋಟೋ ಕೂಡ. ಎರಡನ್ನೂ ಎದುರಿಗಿಟ್ಟುಕೊಂಡು ಕಾಲೇಜಿನ ಅರ್ಜಿ ತುಂಬುವ ಮುಂಚೆ ಇನ್ನೊಮ್ಮೆ ಮಾತಾಡೋಣ. ಇವತ್ತು ಸಂಜೆ ಅಂಗಡಿಯಿಂದ ಹತ್ತು ನಕ್ಷೆ ಹಾಳೆ ತಂದುಕೊಡಿ.